ನಾನು ತೊಳೆದ ಸಿನಿಮಾ

ನಮ್ಮಣ್ಣನ ಮೇಲೆ ಒಂದು ಪುಸ್ತಕ ಬರುತ್ತಿದೆ. ಅವನ ಮಗಳು ಯಳಂದೂರಿನ ಶಾಲೆಯೊಂದರಲ್ಲಿ ಮೇಡಂ. ಅವಳೇ ಮುಂದೆ ನಿಂತು ಮಾಡಿಸುತ್ತಿದ್ದಾಳೆ. ನಮ್ಮ ಸೀಮೆಯಲ್ಲಿ ಕೈಯಾರೆ ಸಿನಿಮಾ ಮಿಷನ್ನು ಕಟ್ಟಿ, ಕೈಯಾರೆ ಸಿನಿಮಾ ಬರೆದು, ಊರೂರಿಗೆ ಹೊತ್ತು ತೋರಿಸಿದವನು ಅಂತ ಅಣ್ಣನಿಗೆ ಅದರಲ್ಲಿ ಗೌರವ.

"ಅತ್ತೆ, ನಿಂದೂ ಎರಡು ಪುಟ ಇರ್ಲಿ. ಅಪ್ಪನ್ ಜೊತೇಲಿ ಕೆಲ್ಸ ಮಾಡ್ದೋರಲ್ಲಿ ಉಳಿದಿರೋಳು ನೀನೊಬ್ಳೇ" ಅಂದಳು.

ನಾನು ನಾಲ್ಕನೇ ಕ್ಲಾಸನ್ನು ಪೂರ್ತಿ ಓದಿದವಳಲ್ಲ. ಬರೆಯುವುದು ನಿಧಾನ. ಆದರೆ ಈ ಎರಡು ಪುಟವನ್ನು ನಾನೇ ಬರೆಯುತ್ತೇನೆ, ಬೇರೆಯವರಿಂದ ಬರೆಸುವುದಿಲ್ಲ. ಯಾಕೆಂದರೆ ಅಣ್ಣನ ಬಾಯಿಂದ ಬಂದ ಒಂದು ಮಾತು ಈ ಪುಸ್ತಕದಲ್ಲಿ ಅಚ್ಚಾಗಲು ಹೊರಟಿತ್ತು. ಅವನು ಬರೆದ ಕೊನೆಯ ಸಿನಿಮಾವನ್ನು ಹನೂರಿನ ಟೆಂಟಿನವನು ಕದ್ದ ಅನ್ನುವ ಮಾತು ಅದು. ಆ ಟೆಂಟಿನವನು ಕದ್ದಿಲ್ಲ. ಸಿನಿಮಾವನ್ನು ಇಲ್ಲವಾಗಿಸಿದವಳು ನಾನು. ಅವನ ಮೇಲೆ ಹೊರಿಸಿದವಳೂ ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕೊನೆಯಲ್ಲಿ ಹೇಳಿದರೆ ಯಾರಾದರೂ ಅಷ್ಟರಲ್ಲಿ ನನ್ನ ಮೇಲೆ ಕನಿಕರ ಪಟ್ಟಿರುತ್ತಾರೆ. ಅದು ನನಗೆ ಬೇಕಿಲ್ಲ.

ನಮ್ಮದು ಮಾಂಬಳ್ಳಿ. ಅಪ್ಪ ಕಂಸಾಳೆ ಕುಣಿಯುವವನು. ಕಂಚಿನ ತಾಳವನ್ನು ತಲೆಯ ಮೇಲಿಂದ, ಬೆನ್ನ ಹಿಂದಿನಿಂದ, ಕಾಲ ಸಂದಿಯಿಂದ ಬೀಸಿ ಬಡಿದು ಮಾದಪ್ಪನ ಪದ ಹೇಳುತ್ತಿದ್ದನಂತೆ. 'ಅಂತೆ' ಎಂದೇ ನಾನು ಹೇಳಬೇಕು. ನನಗೆ ತಿಳಿವಳಿಕೆ ಬರುವ ಮೊದಲೇ ಅವನು ಜ್ವರದಲ್ಲಿ ಹೋದ. ಮನೆಯಲ್ಲಿ ಅವನದೊಂದು ಪಟವೂ ಇರಲಿಲ್ಲ. ಅವನ ಮುಖ ಅವ್ವನಿಗೆ ಗೊತ್ತಿತ್ತು, ಅಣ್ಣನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ.

ಅಪ್ಪ ಹೋದ ಮೇಲೆ ಅವ್ವ ಕೂಲಿಗೆ ಹೋದಳು. ಅಣ್ಣ ಸ್ವಲ್ಪ ದೊಡ್ಡವನಾದ ಮೇಲೆ ಕೊಳ್ಳೇಗಾಲದ ಟೈಲರ್ ಅಂಗಡಿಗೆ ಕೆಲಸ ಕಲಿಯಲು ಸೇರಿದ. ನನ್ನನ್ನು ಶಾಲೆ ಬಿಡಿಸಿ ರೇಷ್ಮೆ ಬಿಚ್ಚುವ ಮನೆಗೆ ಕಳಿಸಿದರು. ಅಲ್ಲಿ ಒಲೆಯ ಮೇಲೆ ದೊಡ್ಡ ಬಾಣಲೆಯಲ್ಲಿ ನೀರು ಕುದಿಯುತ್ತಿರುತ್ತದೆ. ಗೂಡು ಅದರಲ್ಲಿ ಬೆಂದು ಮೆತ್ತಗಾಗುತ್ತದೆ. ಬಿಸಿನೀರಿಗೆ ಬೆರಳು ಬಿಟ್ಟು ಎಳೆಯ ತುದಿ ಹುಡುಕಿ ರಾಟೆಗೆ ಕೊಡಬೇಕು. ಕಡಿದರೆ ಮತ್ತೆ ಹುಡುಕಬೇಕು. ಬೆರಳ ತುದಿಗಳು ಬೆಳ್ಳಗೆ ಬಿರಿದು ಉಪ್ಪು ಮುಟ್ಟಲೂ ಆಗುತ್ತಿರಲಿಲ್ಲ. ಬೆಂದ ಹುಳದ ವಾಸನೆ ತಲೆಗೂದಲಿಗೆ ಹತ್ತಿದರೆ ಸೀಗೇಕಾಯಿಗೂ ಹೋಗುತ್ತಿರಲಿಲ್ಲ. ನಮ್ಮ ಕಡೆಯ ರೇಷ್ಮೆ ಸೀರೆಯನ್ನು ಮದುವೆಯಲ್ಲಿ ಉಟ್ಟು ಮೆರೆಯುವವರು ಆ ವಾಸನೆಯನ್ನೂ ಒಂದು ಸಲ ಮೂಸಬೇಕು.

ಅಣ್ಣ ಟೈಲರ್ ಅಂಗಡಿಯಲ್ಲಿ ಹೊಲಿಗೆಗಿಂತ ಹೆಚ್ಚಾಗಿ ಮಿಷನ್ನನ್ನೇ ನೋಡುತ್ತಿದ್ದ. ಸೂಜಿಯ ಕೆಳಗೆ ಗರಗಸದಂಥ ಚಿಕ್ಕ ಹಲ್ಲುಗಳಿರುತ್ತವಲ್ಲ, ಅವು ಬಟ್ಟೆಯನ್ನು ಒಂದು ಹೆಜ್ಜೆ ಎಳೆಯುತ್ತವೆ, ಸೂಜಿ ಇಳಿದಾಗ ಬಿಡುತ್ತವೆ, ಮತ್ತೆ ಎಳೆಯುತ್ತವೆ. ಅದನ್ನು ನೋಡಿದವನೇ ಒಂದು ಭಾನುವಾರ ನನ್ನ ಹತ್ತಿರ ಓಡಿ ಬಂದ.

"ಅಮ್ಮೀ, ಸಿನಿಮಾ ಓಡಲ್ಲ ಕಣಮ್ಮಿ! ನಿಂತು ನಿಂತು ಓಯ್ತದೆ. ನಿಂತಾಗ ಕಣ್ಣು ನೋಡ್ತದೆ, ಓಗುವಾಗ ತಗಡು ಮುಚ್ಕತದೆ. ಒಲಿಗೆ ಮಿಷನ್ನೂ ಅದೇ, ಸಿನಿಮಾ ಮಿಷನ್ನೂ ಅದೇ!"

"ಅಂಗಾದ್ರೆ ನಿಮ್ಮ ಟೈಲರ್ ಯಾಕೆ ಸಿನಿಮಾ ತೋರ್ಸಲ್ಲ?" ಅಂದೆ.

"ಅವ್ನಿಗೆ ಬಟನ್ ಕಾಜಾ ತೋರ್ಸಕ್ಕೇ ಪುರುಸೊತ್ತಿಲ್ಲ" ಅಂದ.

ಕೆಟ್ಟುಹೋದ ಹೊಲಿಗೆ ಮಿಷನ್ನಿನ ಹಲ್ಲು, ಎಣ್ಣೆ ಡಬ್ಬದ ಮುಚ್ಚಳ, ಸೈಕಲ್ ಪೆಡಲಿನ ಹಿಡಿ, ಕಾರಿನ ಹೆಡ್‌ಲೈಟ್ ಬಲ್ಬು. ಇವನ್ನೆಲ್ಲ ಒಂದು ಮರದ ಪೆಟ್ಟಿಗೆಗೆ ಸೇರಿಸಿದ. ಎಷ್ಟು ಸಲ ಬಿಚ್ಚಿದ, ಎಷ್ಟು ಸಲ ಕಟ್ಟಿದ ಅನ್ನುವುದಕ್ಕೆ ಲೆಕ್ಕವಿಲ್ಲ. ಫಿಲ್ಮಿಗೆ ಕೊಳ್ಳೇಗಾಲದ ಟಾಕೀಸಿನಲ್ಲಿ ಕತ್ತರಿಸಿ ಎಸೆಯುವ ತುಂಡುಗಳಿದ್ದವು. ಆದರೆ ಅವನಿಗೆ ಬೇರೆಯವರ ಸಿನಿಮಾ ತೋರಿಸುವುದು ಬೇಕಿರಲಿಲ್ಲ. ಆ ತುಂಡುಗಳ ಮೇಲಿನ ಚಿತ್ರ ಅಳಿಸಬೇಕು, ಬರಿಯ ಗಾಜಿನಂಥ ಪಟ್ಟಿ ಉಳಿಯಬೇಕು, ಅದರ ಮೇಲೆ ಅವನು ಶಾಯಿಯಲ್ಲಿ ಚಿತ್ರ ಬರೆಯಬೇಕು. ಉಗುರಿನಿಂದ ಕೆರೆದ, ಬ್ಲೇಡಿನಿಂದ ಕೆರೆದ, ಪಟ್ಟಿಯೆಲ್ಲ ಗೀರಾಯಿತು.

ಸಂಜೆ ಕೆಲಸ ಮುಗಿದ ಮೇಲೆ ನಾನು ಒಂದು ತುಂಡನ್ನು ಗೂಡು ಬೇಯಿಸುವ ಬಾಣಲೆಯ ನೀರಿಗೆ ಹಾಕಿದೆ. ಒಂದು ಹಿಡಿ ಬಟ್ಟೆ ಸೋಡಾ ಬಿಟ್ಟೆ. ಹಾಲಿನ ಕೆನೆಯ ಹಾಗೆ ಚಿತ್ರ ಮೇಲೆದ್ದು ಬಂತು. ಬೆರಳಲ್ಲಿ ಸವರಿದರೆ ಪಟ್ಟಿ ಚೊಕ್ಕ. ಯಾವುದೋ ಹೀರೋ, ಯಾವುದೋ ಹೀರೋಯಿನ್ನು ಕರಗಿ ನೊರೆಯಾಗಿ ಹುಳದ ಜೊತೆ ತೇಲಿದರು. ಅಂದಿನಿಂದ ತೊಳೆಯುವ ಕೆಲಸ ನನ್ನದು. ತೊಳೆದು, ಎಳೆಯ ಹಾಗೆ ಕೋಲಿಗೆ ಸುತ್ತಿ ಒಣಗಿಸಿ, ತುಂಡಿಗೆ ತುಂಡು ಅಂಟಿಸಿ ಕೊಡುತ್ತಿದ್ದೆ. ತೋರಿಸುವಾಗ ಹಿಡಿ ತಿರುಗಿಸುವವಳೂ ನಾನೇ. ಒಂದೇ ಹದದಲ್ಲಿ ತಿರುಗಿಸುವುದು ರಾಟೆಯ ಮುಂದೆ ಕೂತವರಿಗೆ ಬರುತ್ತದೆ, ಅಣ್ಣನಿಗೆ ಬರುತ್ತಿರಲಿಲ್ಲ.

ಅವನಿಗೆ ಬರುತ್ತಿದ್ದದ್ದು ಕೂಗುವುದು. ಸೈಕಲ್ಲಿಗೆ ತಗಡಿನ ಕೊಳವೆ ಕಟ್ಟಿಕೊಂಡು ಮುಳ್ಳೂರಿನ ಕಡೆಗೆಲ್ಲ ಹೋಗುತ್ತಿದ್ದ. "ಬನ್ರಪ್ಪೋ, ಮಾಂಬಳ್ಳಿ ಸಿನಿಮಾ! ಮದ್ರಾಸಿಂದ ಬಂದುದ್ದಲ್ಲ, ಬೊಂಬಾಯಿಂದ ಬಂದುದ್ದಲ್ಲ! ಎತ್ತು ನಡೀತದೆ, ಕೋಳಿ ಕುಣೀತದೆ!"

ಒಮ್ಮೆ ಜಗಲಿಯ ಮೇಲಿದ್ದ ಯಜಮಾನರೊಬ್ಬರು ಕೇಳಿದರು. "ನಮ್ಮಟ್ಟೀಲೂ ಎತ್ತು ನಡೀತದೆ ಕಣ್ಲಾ. ಅದ್ಕೆ ಕಾಸು ಕೊಡ್ಬೇಕಾ?"

"ನಿಮ್ಮೆತ್ತು ಗ್ವಾಡೆ ಮ್ಯಾಲೆ ನಡೀತದಾ? ನಡೆದ್ರೆ ತೋರ್ಸಿ, ನಾನೇ ಕಾಸು ಕೊಟ್ಟು ನೋಡ್ತೀನಿ" ಅಂದ ಅಣ್ಣ. ಆ ಯಜಮಾನರೇ ಮುಂದಿನ ಸಾಲಿನಲ್ಲಿ ಕೂತಿದ್ದರು.

ಈಗ ಹೇಳುತ್ತಾರೆ, ಅದೇನು ಸಿನಿಮಾವೇ, ಮಕ್ಕಳಾಟ ಅಂತ. ಹೇಳುವವರು ಹೇಳಲಿ. ಬಿಳಿ ಪಂಚೆಯ ಮೇಲೆ ಒಂದು ಎತ್ತು ಕಾಲು ಎತ್ತಿ ಇಟ್ಟಾಗ ಮುಳ್ಳೂರಿನ ಜನ ಉಸಿರು ಹಿಡಿದದ್ದನ್ನು ನಾನು ಕೇಳಿದ್ದೇನೆ. ನೋಡಿಲ್ಲ, ಕೇಳಿದ್ದೇನೆ. ಯಾಕೆಂದರೆ ತಿರುಗಿಸುವವಳು ಪರದೆ ನೋಡುವಂತಿಲ್ಲ. ಬಲ್ಬಿನ ಮುಂದೆ ಪಟ್ಟಿ ಎಲ್ಲಾದರೂ ಸಿಕ್ಕಿಕೊಂಡರೆ ಕಣ್ಣು ಮುಚ್ಚಿ ತೆರೆಯುವುದರೊಳಗೆ ಸುಟ್ಟು ತೂತಾಗುತ್ತದೆ. "ಕಣ್ಣು ಮಿಷನ್ ಮ್ಯಾಲೆ ಇರ್ಲಿ" ಅನ್ನುವುದು ಅಣ್ಣನ ಕಟ್ಟಪ್ಪಣೆ.

ಮುಳ್ಳೂರಿಗೆ ಬಂದು ನೋಡಿದವರಲ್ಲಿ ಹನೂರಿನ ಟೆಂಟಿನವನೂ ಒಬ್ಬ. ಮಳೆ ನಿಂತ ಮೇಲೆ ಸಂತೆ ಊರುಗಳಲ್ಲಿ ಟೆಂಟು ಹಾಕಿ ಹಳೆಯ ಕನ್ನಡ, ತಮಿಳು ಸಿನಿಮಾ ತೋರಿಸುತ್ತಿದ್ದ. ನಾವು ಟೆಂಟಣ್ಣ ಅನ್ನುತ್ತಿದ್ದೆವು. ಮಾತು ಅರ್ಧ ತಮಿಳು, ಅರ್ಧ ಕನ್ನಡ. ನನ್ನನ್ನು ತಂಗಚ್ಚಿ, ಅಣ್ಣನನ್ನು ತಂಬಿ ಅನ್ನುತ್ತಿದ್ದ. ಅಣ್ಣನ ಮಿಷನ್ನಿಗೆ ಒಳ್ಳೆಯ ಲೆನ್ಸು ತಂದುಕೊಟ್ಟವನು, ಬ್ಯಾಟರಿ ಕೊಟ್ಟವನು, ಪಟ್ಟಿ ಅಂಟಿಸುವ ಗೋಂದು ತಂದುಕೊಟ್ಟವನು ಅವನೇ.

"ತಂಬಿ, ಎತ್ತು ಕೋಳಿ ಪೋದುಂ. ಸಾಕು. ಒಬ್ಬ ಮನುಷನ್ನ ಕುಣಿಸು. ಅನೂರು ಸಂತೆ ದಿವ್ಸ ನಾನು ಟೆಂಟು ತುಂಬುಸ್ತೀನಿ" ಅಂದ.

ಅಣ್ಣ ಅಪ್ಪನನ್ನು ಬರೆಯಲು ಕೂತ. ಒಂದು ಮಳೆಗಾಲ ಪೂರ್ತಿ ಬರೆದ. ಉಗುರಗಲದ ಚೌಕಗಳಲ್ಲಿ ಅಪ್ಪ, ಅದರ ಪಕ್ಕದಲ್ಲಿ ಕೂದಲೆಳೆಯಷ್ಟು ಕೈ ಎತ್ತಿದ ಅಪ್ಪ, ಅದರ ಪಕ್ಕದಲ್ಲಿ ಇನ್ನಷ್ಟು ಎತ್ತಿದ ಅಪ್ಪ. ಬೆಳಕಿಗೆ ಹಿಡಿದರೆ ನನಗೆ ಇರುವೆ ಸಾಲಿನ ಹಾಗೆ ಕಾಣುತ್ತಿತ್ತು. ಅವ್ವ ದಿನಾ ಕೇಳುತ್ತಿದ್ದಳು. "ಎಲ್ಲಿಗೆ ಬಂತ್ಲಾ? ಎದ್ನಾ ನಿಮ್ಮಪ್ಪ?"

"ಸೊಂಟ ಬಗ್ಗುಸ್ತಾವ್ನೆ ಕಣವ್ವ. ಇನ್ನ ಕಾಲ್ಸಂದೀಲಿ ತಾಳ ಬೀಸ್ಬೇಕು."

ಸಂತೆಗೆ ಎರಡು ದಿನ ಇರುವಾಗ ಬರೆದು ಮುಗಿಯಿತು. ಅವ್ವ ಅಂದು ಮಧುವನಹಳ್ಳಿಗೆ ಕಳೆ ಕೀಳಲು ಹೋಗಿದ್ದಳು. ಮುಸ್ಸಂಜೆ ಹೊತ್ತಿಗೆ ಬಾಗಿಲು ಹಾಕಿ, ಸುಣ್ಣ ಬಳಿದ ಗೋಡೆಗೆ ಮಿಷನ್ನು ತಿರುಗಿಸಿ ಇಟ್ಟ. ನಾನು ಹಿಡಿ ತಿರುಗಿಸಿದೆ. ಪಟ್ಟಿಯ ಎರಡು ತುದಿಯನ್ನೂ ಸೇರಿಸಿ ಅಂಟಿಸಿದ್ದರಿಂದ ಅಪ್ಪನ ಕುಣಿತ ಮುಗಿದು ಮತ್ತೆ ಶುರುವಾಗುತ್ತಿತ್ತು. ಅಣ್ಣ ಗೋಡೆ ನೋಡುತ್ತಿದ್ದವನು "ಅಪ್ಪೋ" ಅಂದ. ಮೂಗು ಒರೆಸಿಕೊಂಡ ಸದ್ದು ಕೇಳಿಸಿತು. ನನ್ನ ಕಣ್ಣು ಮಿಷನ್ನಿನ ಮೇಲಿತ್ತು.

ನಿಲ್ಲಿಸಿದ ಮೇಲೆ ಕೇಳಿದೆ. "ಅಣ್ಣಾ, ಈಗ ನೀ ತಿರುಗ್ಸು. ನಾ ನೋಡ್ತೀನಿ."

"ಬ್ಯಾಟ್ರಿ ಇಳ್ದೋಯ್ತದೆ ಕಣಮ್ಮಿ. ಸಂತೆಗೆ ಬೇಕು."

"ಅಂಗಾದ್ರೆ ಸಂತೆಗೆ ನಾನೂ ಬತ್ತೀನಿ."

"ಮದ್ವೆಗೆ ಬಂದಿರೋ ಹೆಣ್ಣು ಟೆಂಟಲ್ಲಿ ಗಂಡುಸ್ರ ಮಧ್ಯೆ ಕೂತ್ರೆ ಜನ ಏನಂದಾರು? ಅವ್ವನ್ನ ಕರ್ಕಂಡೋಯ್ತೀನಿ. ತಿರುಗ್ಸಕ್ಕೆ ಟೆಂಟಣ್ಣ ಒಬ್ಬನ್ನ ಗೊತ್ತು ಮಾಡವ್ನೆ."

"ಮತ್ತೆ ನಾನು ನೋಡೋದ್ಯಾವಾಗ?"

"ನೋಡೀವಂತೆ ಬುಡು, ಎಲ್ಲೋಯ್ತದೆ."

ಮಾರನೆಯ ದಿನ ಮಧ್ಯಾಹ್ನ ಟೆಂಟಣ್ಣ ರೇಷ್ಮೆ ಬಿಚ್ಚುವ ಮನೆಯ ಬಾಗಿಲಿಗೆ ಬಂದ. "ತಂಗಚ್ಚಿ, ಕುಡಿಯಕ್ಕೆ ನೀರು ಕೊಡು. ತಂಬಿ ಎಲ್ಲಿ?" ಅಂದ. ಕೊಳ್ಳೇಗಾಲಕ್ಕೆ ಹೋಗಿದ್ದಾನೆ ಅಂದೆ. ನೀರು ಕುಡಿದು ಹೋದ. ಅಷ್ಟೇ ಅವನು ಮಾಡಿದ್ದು.

ಸಂಜೆ ನಾನು ಮನೆಯಿಂದ ಆ ಪಟ್ಟಿಯ ಡಬ್ಬ ತಂದೆ. ಎಲ್ಲರೂ ಹೋಗಿದ್ದರು, ಬಾಣಲೆಯ ನೀರು ಇನ್ನೂ ಬಿಸಿಯಿತ್ತು. ಸೋಡಾ ಹಾಕಿದೆ. ಪಟ್ಟಿಯನ್ನು ಬೆಳಕಿಗೆ ಹಿಡಿದು ನೋಡಿದೆ, ಅದೇ ಇರುವೆ ಸಾಲು. ಅಪ್ಪನ ಮುಖ ಹೇಗಿದೆ ಅಂತ ಹುಡುಕಿದೆ, ಸಾಸಿವೆ ಕಾಳಿನಷ್ಟಿತ್ತು. ಮುಖವೇ ಅಲ್ಲ, ಒಂದು ಚುಕ್ಕಿ. ಅವ್ವ ನೋಡುತ್ತಾಳೆ, ಅಣ್ಣ ನೋಡಿದ್ದಾನೆ, ಹನೂರಿನ ಸಂತೆಯ ಜನವೆಲ್ಲ ನೋಡುತ್ತಾರೆ. ತೊಳೆದವಳು, ಅಂಟಿಸಿದವಳು, ಅವನನ್ನು ಕುಣಿಸಿದವಳು ನೋಡುವಂತಿಲ್ಲ. ನಾನು ನೋಡದ ಅಪ್ಪನನ್ನು ಯಾರೂ ನೋಡುವುದು ಬೇಡ ಅನ್ನಿಸಿತು. ಒಂದು ಕಡೆ ಹಿಡಿದು ಬಾಣಲೆಗೆ ಇಳಿಬಿಟ್ಟೆ. ಶಾಯಿ ಹೊಗೆಯ ಹಾಗೆ ಬಿಟ್ಟುಕೊಂಡಿತು. ಅರ್ಧ ಮುಳುಗಿದಾಗ ಎಳೆದುಕೊಳ್ಳಬಹುದಿತ್ತು. ಎಳೆದುಕೊಳ್ಳಲಿಲ್ಲ. ಚೊಕ್ಕವಾದ ಪಟ್ಟಿಯನ್ನು ಕೋಲಿಗೆ ಸುತ್ತಿ, ಒಣಗಿಸುವ ಬೇರೆ ಪಟ್ಟಿಗಳ ಜೊತೆ ಇಟ್ಟೆ. ಖಾಲಿ ಡಬ್ಬವನ್ನು ಒಲೆಯ ಬೂದಿಯ ಗುಂಡಿಗೆ ಎಸೆದೆ.

ಅಣ್ಣ ಬಂದು ಕೇಳಿದಾಗ ಬಾಯಿಗೆ ಮೊದಲು ಬಂದದ್ದು ಇದು. "ಟೆಂಟಣ್ಣ ನೀರು ಕುಡ್ಯಕ್ಕೆ ಬಂದಿದ್ದ. ಡಬ್ಬ ತಕಂಡೋದ."

"ನಾಳೆ ನಾನೇ ತತ್ತೀನಿ ಅಂದಿದ್ನಲ್ಲ. ಯಾಕ್ ತಕಂಡೋದ?"

"ನಂಗೇನ್ ಗೊತ್ತು. ಕೇಳು ಓಗಿ."

ಮಾರನೆಯ ದಿನ ಅವನು ಸಂತೆಗೆ ಕೇಳಲು ಹೋದ. ಅವ್ವನೂ ಪೆಟ್ಟಿಗೆಯಲ್ಲಿಟ್ಟಿದ್ದ ಸೀರೆ ಉಟ್ಟುಕೊಂಡು ಜೊತೆಗೆ ಹೋದಳು. ಸಂತೆಯ ನಡುವೆ ಅಣ್ಣ ತಗಡಿನ ಕೊಳವೆಯಲ್ಲೇ ಕೂಗಿದನಂತೆ, ಈ ಕಳ್ಳ ನಮ್ಮಪ್ಪನನ್ನು ಕದ್ದಿದ್ದಾನೆ ಅಂತ. ಟೆಂಟಣ್ಣ ಮಾದಪ್ಪನ ಮೇಲೆ ಆಣೆ ಮಾಡಿದನಂತೆ. ಆಣೆ ಮಾಡುವ ಅವನ ಅರೆಬರೆ ಕನ್ನಡಕ್ಕೆ ಜನ ನಕ್ಕರಂತೆ. ಅಂದಿನಿಂದ ಅವನಿಗೆ ರೀಲು ಕಳ್ಳ ಅಂತ ಹೆಸರು ಬಿತ್ತು. ಟೆಂಟಿನ ಮುಂದೆ ಬಂದು ಜನ "ರೀಲು ಬುಡೋ ಕಳ್ಳಾ" ಅಂತ ಕೂಗುತ್ತಿದ್ದರು. ಒಂದೆರಡು ಬೇಸಗೆಯಾದ ಮೇಲೆ ಟೆಂಟು ಮಾರಿ, ಬೇರೆಯವರ ಹೋಟೆಲಿನಲ್ಲಿ ಹಿಟ್ಟು ರುಬ್ಬುವ ಕೆಲಸಕ್ಕೆ ನಿಂತ.

ಅವ್ವ ಅಂದು ವಾಪಸು ಬಂದು ಸೀರೆ ಬಿಚ್ಚದೆ ಕೂತೇ ಇದ್ದಳು. ಅಣ್ಣ ಮತ್ತೊಮ್ಮೆ ಬರೆಯಲು ಕೂತ. "ಬತ್ತಾಯಿಲ್ಲ ಕಣವ್ವ. ಬರದ್ರೆ ಇನ್ಯಾರೋ ಬತ್ತಾವ್ನೆ" ಅಂದ. ಮಿಷನ್ನು ಗೋಣಿಚೀಲ ಸೇರಿ ಅಟ್ಟಕ್ಕೆ ಹೋಯಿತು. ಅವನು ಪಂಚಾಯಿತಿಯಲ್ಲಿ ನೀರಿನ ಪಂಪು ಬಿಡುವ ಕೆಲಸಕ್ಕೆ ಸೇರಿದ. ಅವ್ವ ಅಪ್ಪನನ್ನು ಗೋಡೆಯ ಮೇಲೆ ನೋಡದೆಯೇ ತೀರಿಹೋದಳು. ನನ್ನನ್ನು ಮಧುವನಹಳ್ಳಿಗೆ ಕೊಟ್ಟರು. ನಾನು ಬಾಯಿ ಬಿಡಲಿಲ್ಲ. ವರ್ಷ ಕಳೆದಂತೆ ಹೇಳುವುದು ಸುಲಭವಾಗುತ್ತದೆ ಅಂದುಕೊಂಡಿದ್ದೆ. ಆಗುವುದಿಲ್ಲ.

ಹೋದ ತಿಂಗಳು ಮಾಂಬಳ್ಳಿಯ ಮನೆಯಲ್ಲಿ ಅಣ್ಣನ ಮಗಳು ಮೊಬೈಲು ಹಿಡಿದು ತನ್ನ ಅಪ್ಪನ ಮಾತು ತುಂಬಿಸಿಕೊಳ್ಳುತ್ತಿದ್ದಳು. ಅಣ್ಣನಿಗೆ ಈಗ ಕಣ್ಣು ಮಂದ, ದನಿ ಮಾತ್ರ ಆ ತಗಡಿನ ಕೊಳವೆಯದೇ. "ಕದ್ದ ಕಣವ್ವ. ನೀರು ಕುಡ್ಯಕ್ಕೆ ಬಂದ ನೆವದಲ್ಲಿ ಕದ್ದ. ಬರ್ಕೊ, ಅಚ್ಚಾಕ್ಸು" ಅಂದ.

"ಅವ್ರೇನೋ ಈಗಿಲ್ಲ, ಅವ್ರ ಮಗಳು ಹನೂರು ಬಸ್‌ಸ್ಟ್ಯಾಂಡ್ ಹತ್ರ ಹೋಟ್ಲು ಇಟ್ಟವ್ಳಂತೆ ಅಪ್ಪ. ಬೇಜಾರು ಮಾಡ್ಕೊಳಲ್ವಾ?" ಅಂದಳು ಅವಳು.

"ಕಳ್ಳನ್ನ ಕಳ್ಳ ಅನ್ನಕ್ಕೆ ಯಾರಪ್ಪಣೆ ಬೇಕು?"

ನಾನು ಹುರುಳಿ ಕೇರುತ್ತಿದ್ದ ಮೊರ ಕೆಳಗಿಟ್ಟೆ. "ಅವ್ನು ಕದಿಲಿಲ್ಲ. ನಾ ತೊಳ್ದಾಕ್ದೆ. ಬಾಣಲೇಲಿ" ಅಂದೆ.

ಅಣ್ಣನ ಮಗಳು ಮೊಬೈಲು ಆರಿಸಿದಳು. ಅಣ್ಣ ನನ್ನ ಕಡೆ ಮುಖ ತಿರುಗಿಸಿದ. ಆಮೇಲೆ ಕೇಳಿದ.

"ಬಿಸಿನೀರ್ಗಾ?"

"ಹೂಂ. ಸೋಡಾ ಆಕಿ."

"ಶಾಯಿ ತಕ್ಷಣ ಬುಡ್ತಾ?"

"ಬುಡ್ತು."

"ಶಾಯಿ ನಿಲ್ಲಲಿ ಅಂತ ಅರಗು ಬೆರೆಸಿದ್ದೆ. ಸೋಡಾಕ್ಕೆ ಅರಗು ನಿಲ್ಲಲ್ಲ" ಅಂದ. ತನ್ನ ಕೆಲಸದಲ್ಲಿ ಏನು ತಪ್ಪಾಯಿತು ಅಂತ ಅಷ್ಟು ವರ್ಷದ ಮೇಲೂ ನೋಡುತ್ತಿದ್ದ.

ಅಣ್ಣನ ಮಗಳು ನಡುವೆ ಬಂದಳು. "ಗೊತ್ತಿಲ್ದೆ ಬಿದ್ದೋಗಿರ್ಬೇಕು ಬಿಡು ಅತ್ತೆ. ತೊಳೆಯೋ ಪಟ್ಟಿ ಜೊತೆ ಸೇರ್ಕೊಂಡಿರ್ಬೇಕು."

"ಗೊತ್ತಿತ್ತು" ಅಂದೆ.

ಅಣ್ಣ ಎದ್ದ. ಬೈಯುತ್ತಾನೆ ಅಂದುಕೊಂಡೆ. ಬೈದಿದ್ದರೆ ನನ್ನ ಹತ್ತಿರವೂ ಮಾತಿತ್ತು. "ನೀ ಸುಳ್ಳೇಳ್ದೆ. ಸಂತೆ ಮಧ್ಯೆ ಕೂಗ್ದೋನು ನಾನು" ಅಂದು ಒಳಗೆ ಹೋದ. ಹೋಗುವಾಗ ಬಾಗಿಲಲ್ಲಿ ನಿಂತು "ನೋಡೀವಂತೆ ಬುಡು ಅಂದೋನೂ ನಾನೇ" ಅಂದ.

ಮಾರನೆಯ ಬೆಳಿಗ್ಗೆ ಗೋಣಿಚೀಲ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ನಿಂತ. ನಾನೂ ಹೋಗಿ ನಿಂತೆ. ಬಾ ಅನ್ನಲಿಲ್ಲ, ಬೇಡ ಅನ್ನಲೂ ಇಲ್ಲ. ಕೊಳ್ಳೇಗಾಲದಲ್ಲಿ ಇಳಿದು ಹನೂರು ಬಸ್ಸು ಹತ್ತಿದೆವು. ನಾನು ಮುಂದೆ ಹೆಂಗಸರ ಸೀಟಿನಲ್ಲಿ, ಅವನು ಹಿಂದೆ ಚೀಲ ತೊಡೆಯ ಮೇಲಿಟ್ಟುಕೊಂಡು.

ಟೆಂಟಣ್ಣನ ಮಗಳು ಇಡ್ಲಿ ತಟ್ಟೆ ಇಳಿಸುತ್ತಿದ್ದಳು. ಐವತ್ತರ ಹತ್ತಿರದ ಹೆಂಗಸು. ಅವಳಪ್ಪನದೇ ಮೂಗು. ನಾವು ಯಾರು ಅಂತ ಅಣ್ಣ ಹೇಳಿದ ಕೂಡಲೇ ಅವಳ ಮುಖ ಬಿಗಿಯಿತು. ನಾನು ಮುಂದೆ ನಿಂತು ಆದದ್ದನ್ನೆಲ್ಲ ಹೇಳಿದೆ. ತಿನ್ನುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು. ಕೇಳಲಿ ಅಂತಲೇ ಜೋರಾಗಿ ಹೇಳಿದೆ. ಸಂತೆಯಲ್ಲಿ ಕೂಗಿ ಹೊರಿಸಿದ್ದನ್ನು ಮೂಲೆಯಲ್ಲಿ ಪಿಸುಗುಟ್ಟಿ ಇಳಿಸಲು ಆಗುವುದಿಲ್ಲ.

"ನಾನು ಇಸ್ಕೂಲಿಗೆ ಓದ್ರೆ ರೀಲು ಕಳ್ಳನ್ ಮಗ್ಳು ಅಂತಿದ್ರು" ಅಂದಳು ಅವಳು. "ಅದ್ಕೇ ಬುಟ್ಟೆ. ನಿಮ್ಗೆ ಗೊತ್ತಾ ಅದು?"

ಗೊತ್ತಿರಲಿಲ್ಲ. ಶಾಲೆ ಬಿಡಿಸಿದ್ದಕ್ಕೆ ಜೀವಮಾನವೆಲ್ಲ ಉರಿದವಳು ನಾನು. ಇನ್ನೊಬ್ಬಳ ಶಾಲೆ ಬಿಡಿಸಿದ್ದೆ.

ಅಣ್ಣ ಚೀಲದಿಂದ ಮಿಷನ್ನು ತೆಗೆದು ಟೇಬಲ್ಲಿನ ಮೇಲೆ ಇಟ್ಟ. "ಲೆನ್ಸು ನಿಮ್ಮಪ್ಪನ್ದು. ನಿನ್ಗೆ ಸೇರ್ಬೇಕು."

"ಇದ್ನ ಇಟ್ಕಂಡು ನಾನೇನು ಇಡ್ಲಿ ಬೇಯಿಸ್ಲಾ ಯಜಮಾನ್ರೆ?" ಅಂದಳು. ಒಬ್ಬಿಬ್ಬರು ನಕ್ಕರು, ಅವಳು ನಗಲಿಲ್ಲ. ಸೌಟು ಕೆಳಗಿಟ್ಟು ಹತ್ತಿರ ಬಂದಳು. "ತಿರುಗ್ತದಾ ಇನ್ನೂ?"

ನನ್ನ ಕೈ ತಾನಾಗಿ ಹಿಡಿಯ ಕಡೆ ಹೋಯಿತು. ಅಣ್ಣ ನನ್ನ ಕೈಯನ್ನು ಸರಿಸಿದ. "ನೀ ಗ್ವಾಡೆ ನೋಡು" ಅಂದು ತಾನೇ ತಿರುಗಿಸಿದ. ಹದ ತಪ್ಪಿ ತಪ್ಪಿ ತಿರುಗಿಸಿದ, ಅವನಿಗೆ ಎಂದೂ ಬರಲಿಲ್ಲ ಅದು. ಬಲ್ಬಿಲ್ಲ, ಪಟ್ಟಿಯಿಲ್ಲ. ಹೋಟೆಲಿನ ಗೋಡೆಯ ಮೇಲೆ ಎಣ್ಣೆ ಜಿಡ್ಡು, ಒಂದು ಕ್ಯಾಲೆಂಡರು. ಟಕ್ಕು ಟಕ್ಕು ಅಂತ ಹಲ್ಲು ಎಳೆಯುತ್ತಿತ್ತು, ನಿಲ್ಲುತ್ತಿತ್ತು. ನಾನು ನೋಡುತ್ತ ನಿಂತೆ. ಏನೂ ಕಾಣಲಿಲ್ಲ. ಕಂಡಿತು ಅಂತ ಬರೆದರೆ ಅದು ಇನ್ನೊಂದು ಸುಳ್ಳು.

ಅವಳು ನಮಗೆ ಕಾಫಿ ಕೊಡಲಿಲ್ಲ. ಕೊಡಬೇಕಾಗಿಯೂ ಇರಲಿಲ್ಲ. ಹೊರಡುವಾಗ ಒಂದೇ ಮಾತು ಅಂದಳು. "ಬುಕ್ಕಲ್ಲಿ ಬರೀರಿ. ನಮ್ಮಪ್ಪ ನೀರು ಕುಡ್ದು ಒಂಟೋದ ಅಂತ ಬರೀರಿ." ಮಿಷನ್ನನ್ನು ಇಟ್ಟುಕೊಂಡಳು.

ಬರೆದಿದ್ದೇನೆ. ಟೆಂಟಣ್ಣ ಅಂದು ನೀರು ಕುಡಿದು ಹೋದ, ಬೇರೇನೂ ಮಾಡಲಿಲ್ಲ. ಅವನ ಲೆನ್ಸು, ಅವನ ಬ್ಯಾಟರಿ ಇಲ್ಲದೆ ನಮ್ಮಣ್ಣನ ಸಿನಿಮಾ ಮುಳ್ಳೂರಿನಾಚೆ ಹೋಗುತ್ತಿರಲಿಲ್ಲ. ಗೌರವ ಕೊಡುವವರು ಇಬ್ಬರಿಗೂ ಕೊಡಲಿ. ಕೋಪ ಬಂದದ್ದಕ್ಕೆ ನಾನು ಯಾರ ಕ್ಷಮೆಯನ್ನೂ ಕೇಳುವುದಿಲ್ಲ. ಆ ಕೋಪಕ್ಕೆ ಕಾರಣವಿತ್ತು, ಇಂದಿಗೂ ಇದೆ. ಕೋಪವನ್ನು ಅಪ್ಪನ ಮೇಲೆ ಸುರಿದೆ, ಅಪರಾಧವನ್ನು ಇನ್ನೊಬ್ಬನ ತಲೆಗೆ ಕಟ್ಟಿದೆ. ಅದು ನನ್ನದು.

ಅಣ್ಣನ ಮಗಳು ಈ ಪುಟಗಳನ್ನು ಓದಿ, ನಾನು ಬಾಣಲೆಗೆ ಪಟ್ಟಿ ಇಳಿಬಿಟ್ಟ ಜಾಗದಲ್ಲಿ ಪೆನ್ಸಿಲಿನಲ್ಲಿ 'ಗೊತ್ತಿಲ್ಲದೆ' ಅಂತ ಸೇರಿಸಿದ್ದಳು. ಮನೆಯ ಮರ್ಯಾದೆಗೆ ಅಂದಳು. ನಾನು ರಬ್ಬರು ಇಸಿದುಕೊಂಡು ಅಳಿಸಿದೆ. ಇದನ್ನು ಅಚ್ಚು ಹಾಕುವುದಾದರೆ ಹೀಗೇ ಹಾಕಬೇಕು. ಇಲ್ಲದಿದ್ದರೆ ಬಸ್ಸು ಹತ್ತಿ ಹೋಗಿ ಹನೂರಿನ ಸಂತೆಯಲ್ಲಿ ನಾನೇ ನಿಂತು ಓದುತ್ತೇನೆ. ಕೂಗಲು ನನಗೂ ಬರುತ್ತದೆ.